ಸರಕಾರಿ ಸೇವೆ ಗಡಿ ದಾಟುವುದು ಹೇಗೆ?

ನಮ್ಮ ಕರಾವಳಿಯಲ್ಲಿ ಹೊರದೇಶದ ನಂಟಿಲ್ಲದ ಮನೆಗಳು ಕಡಿಮೆ. ಕುವೈಟ್, ದುಬೈ, ಮಸ್ಕತ್ ಎಂದು ಹೆಚ್ಚಿನ ಕುಟುಂಬಗಳಲ್ಲಿ ಒಬ್ಬರಾದರೂ ದುಡಿಯಲು ಹೋದವರು ಇದ್ದಾರೆ. ಮನುಷ್ಯ ವಿಮಾನ ಹತ್ತಿ ಕೆಲವೇ ಗಂಟೆಗಳಲ್ಲಿ ಗಡಿ ದಾಟುತ್ತಾನೆ. ಆದರೆ ಅವನ ಮದುವೆ ಪ್ರಮಾಣಪತ್ರ, ಮಗುವಿನ ಜನನ ದಾಖಲೆ, ವೈದ್ಯರು ಬರೆದ ಔಷಧಿ ಚೀಟಿ ಅಷ್ಟು ಸುಲಭವಾಗಿ ದಾಟುವುದಿಲ್ಲ. ಒಂದೊಂದಕ್ಕೂ ಮೊಹರು, ದೃಢೀಕರಣ, ಅನುವಾದ ಬೇಕು. ಎಲ್ಲವೂ ಗಣಕಯಂತ್ರದಲ್ಲಿರುವ ಈ ಕಾಲದಲ್ಲೂ ಹೀಗೇಕೆ ಎಂಬ ಪ್ರಶ್ನೆ ಸಹಜ. ಒಂದು ದೇಶದ ಸೇವೆ ಇನ್ನೊಂದು ದೇಶದಲ್ಲೂ ನಡೆಯಬೇಕಾದರೆ ಯಾವ ತಯಾರಿ ಬೇಕು? ಇದಕ್ಕೆ ಯುರೋಪಿನ ಎರಡು ಪುಟ್ಟ ದೇಶಗಳ ಅನುಭವದಲ್ಲಿ ಒಳ್ಳೆಯ ಉತ್ತರವಿದೆ.

ಒಂದು ಔಷಧಿ ಚೀಟಿಯ ಪಯಣ

ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿ. ಎಸ್ಟೋನಿಯಾದ ರಾಜಧಾನಿ ತಾಲಿನ್. ನಡುವೆ ಸುಮಾರು 80 ಕಿಲೋಮೀಟರ್ ಸಮುದ್ರ. ಹಡಗಿನಲ್ಲಿ ಎರಡು ಗಂಟೆಯ ದಾರಿ. ಕೆಲಸಕ್ಕೆ, ವ್ಯಾಪಾರಕ್ಕೆ, ಬಂಧುಗಳನ್ನು ಕಾಣಲಿಕ್ಕೆ ಜನ ಸದಾ ಅತ್ತಿತ್ತ ಓಡಾಡುತ್ತಾರೆ. ಎರಡೂ ದೇಶಗಳಲ್ಲಿ ವೈದ್ಯರು ಕಾಗದದ ಬದಲು ಗಣಕಯಂತ್ರದಲ್ಲೇ ಔಷಧಿ ಚೀಟಿ ಬರೆಯುವ ಪದ್ಧತಿ 2010ರಲ್ಲೇ ಶುರುವಾಗಿತ್ತು. ಆದರೂ ಫಿನ್‌ಲೆಂಡಿನ ರೋಗಿಯ ಚೀಟಿ ತಾಲಿನ್‌ನ ಔಷಧದಂಗಡಿಗೆ ಕಾಣುತ್ತಿರಲಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಮನೆಯಲ್ಲಿ ಮರೆತು ಬಂದವರಿಗೆ ಚೀಟಿ ಇದ್ದೂ ಇಲ್ಲದಂತೆ.

2019ರ ಜನವರಿ 21ರಿಂದ ಈ ಸ್ಥಿತಿ ಬದಲಾಯಿತು. ಫಿನ್‌ಲೆಂಡಿನವರು ತಮ್ಮ ದೇಶದ ವಿದ್ಯುನ್ಮಾನ ಚೀಟಿಯ ಮೇಲೆಯೇ ಎಸ್ಟೋನಿಯಾದಲ್ಲಿ ಔಷಧಿ ಕೊಳ್ಳುವಂತಾಯಿತು. ಯುರೋಪಿಯನ್ ಒಕ್ಕೂಟದಲ್ಲಿ ಹೀಗೆ ಗಡಿ ದಾಟಿದ ಮೊದಲ ಚೀಟಿಗಳು ಇವು. ಎಸ್ಟೋನಿಯಾದ ಚೀಟಿಗೆ ಫಿನ್‌ಲೆಂಡಿನಲ್ಲಿ ಔಷಧಿ ಸಿಗುವ ವ್ಯವಸ್ಥೆ 2020ರಲ್ಲಿ ಬಂತು.

ಇದು ನಡೆಯುವ ರೀತಿ ಹೀಗೆ. ರೋಗಿ ತನ್ನ ದೇಶದ ಆರೋಗ್ಯ ಜಾಲತಾಣದಲ್ಲಿ ಮುಂಚಿತವಾಗಿ ಒಪ್ಪಿಗೆ ಕೊಟ್ಟಿರಬೇಕು. ಔಷಧದಂಗಡಿಯಲ್ಲಿ ಗುರುತಿನ ಚೀಟಿ ತೋರಿಸಬೇಕು. ಅಂಗಡಿಯವರ ಕೋರಿಕೆ ನೇರವಾಗಿ ಫಿನ್‌ಲೆಂಡಿನ ವೈದ್ಯರಿಗೆ ಹೋಗುವುದಿಲ್ಲ. ಪ್ರತಿ ದೇಶದಲ್ಲಿಯೂ ಒಂದು ರಾಷ್ಟ್ರೀಯ ಸಂಪರ್ಕ ಕೇಂದ್ರವಿದೆ. ಎಸ್ಟೋನಿಯಾದ ಕೇಂದ್ರ ಫಿನ್‌ಲೆಂಡಿನ ಕೇಂದ್ರವನ್ನು ಕೇಳುತ್ತದೆ; ಅಲ್ಲಿಂದ ಚೀಟಿ ಇಬ್ಬರಿಗೂ ಅರ್ಥವಾಗುವ ನಮೂನೆಯಲ್ಲಿ ಬರುತ್ತದೆ. ಔಷಧಿ ಕೊಟ್ಟ ಮೇಲೆ ‘ಕೊಡಲಾಗಿದೆ’ ಎಂಬ ಸೂಚನೆ ಹಿಂದಿರುಗುತ್ತದೆ. ಇಲ್ಲದಿದ್ದರೆ ಅದೇ ಚೀಟಿಗೆ ಎರಡೂ ದಡಗಳಲ್ಲಿ ಔಷಧಿ ಪಡೆಯಬಹುದಿತ್ತು!

ಎಂಟು ವರ್ಷ ಏಕೆ ಬೇಕಾಯಿತು?

ಒಂದು ಸದಸ್ಯ ದೇಶದ ಔಷಧಿ ಚೀಟಿಯನ್ನು ಇನ್ನೊಂದು ದೇಶ ಮಾನ್ಯ ಮಾಡಬೇಕೆಂಬ ಯುರೋಪಿನ ಕಾನೂನು 2011ರಲ್ಲೇ ಬಂದಿತ್ತು. ಮೊದಲ ವಿದ್ಯುನ್ಮಾನ ಚೀಟಿ ಗಡಿ ದಾಟಿದ್ದು 2019ರಲ್ಲಿ. ಕೇಬಲ್ ಎಳೆಯಲು ಎಂಟು ವರ್ಷ ಬೇಡ. ಕಷ್ಟವಿದ್ದದ್ದು ಬೇರೆ ಕಡೆ.

ಸರಕಾರಗಳ ಗಣಕ ವ್ಯವಸ್ಥೆಗಳು ಒಂದರೊಡನೊಂದು ಹೊಂದಿಕೊಂಡು ಕೆಲಸ ಮಾಡಲು ಯುರೋಪಿಯನ್ ಒಕ್ಕೂಟ ಒಂದು ಮಾರ್ಗದರ್ಶಿ ಚೌಕಟ್ಟನ್ನು ರೂಪಿಸಿದೆ. ಮೊದಲು 2004ರಲ್ಲಿ ಪ್ರಕಟವಾದ ಇದು 2010 ಮತ್ತು 2017ರಲ್ಲಿ ಪರಿಷ್ಕರಣೆಗೊಂಡಿತು. ಈಗಿನ ರೂಪದಲ್ಲಿ 12 ತತ್ವಗಳು, 47 ಶಿಫಾರಸುಗಳು ಇವೆ. ಗಡಿ ದಾಟುವ ಯಾವ ಸೇವೆಯೇ ಆಗಲಿ, ನಾಲ್ಕು ಹಂತಗಳಲ್ಲಿ ಒಪ್ಪಂದ ಬೇಕು ಎಂಬುದು ಅದರ ತಿರುಳು.

ಮೊದಲನೆಯದು ಕಾನೂನು. ಹೊರದೇಶದ ವೈದ್ಯರ ಸಹಿಗೆ ಇಲ್ಲಿ ಬೆಲೆ ಇದೆಯೇ? ತಪ್ಪು ಔಷಧಿ ಕೊಟ್ಟರೆ ಯಾವ ದೇಶದ ನ್ಯಾಯಾಲಯ ವಿಚಾರಿಸಬೇಕು? ಮಾದಕ ಗುಣವಿರುವ ಔಷಧಿಗಳಿಗೆ ನಿಯಮ ಏನು? ಅಂಥ ಔಷಧಿಗಳನ್ನು ಫಿನ್‌ಲೆಂಡ್ ಈ ಸೇವೆಯಿಂದ ಹೊರಗಿಟ್ಟಿತು.

ಎರಡನೆಯದು ಸಂಸ್ಥೆಗಳ ನಡುವಿನ ಹೊಂದಾಣಿಕೆ. ಯಾವ ಕಚೇರಿ ಯಾವ ಕೆಲಸ ಮಾಡಬೇಕು, ಖರ್ಚು ಯಾರದು, ದೂರು ಬಂದರೆ ಯಾರು ಉತ್ತರಿಸಬೇಕು? ಇಲ್ಲಿ ರೋಗಿ ಅಂಗಡಿಯಲ್ಲಿ ಪೂರ್ತಿ ಹಣ ಕೊಟ್ಟು, ಆಮೇಲೆ ತನ್ನ ದೇಶದ ವಿಮಾ ಸಂಸ್ಥೆಯಿಂದ ಪರಿಹಾರ ಕೇಳಬೇಕೆಂದು ತೀರ್ಮಾನವಾಯಿತು.

ಮೂರನೆಯದು ಅರ್ಥ. ಒಂದೇ ಔಷಧಿಗೆ ದೇಶದಿಂದ ದೇಶಕ್ಕೆ ಬೇರೆ ಬೇರೆ ಮಾರಾಟದ ಹೆಸರುಗಳಿವೆ. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನು ಅಮೇರಿಕದವರು ಅಸಿಟಮಿನೋಫೆನ್ ಎನ್ನುತ್ತಾರೆ. ಆದ್ದರಿಂದ ಚೀಟಿಯಲ್ಲಿ ಕಂಪೆನಿಯ ಹೆಸರಿಗಿಂತ ಮೂಲವಸ್ತುವಿನ ಹೆಸರು, ಅದರ ಪ್ರಮಾಣ, ಮಾತ್ರೆಯೋ ದ್ರವವೋ ಎಂಬುದು ಮುಖ್ಯ. ಇವಕ್ಕೆಲ್ಲ ಎಲ್ಲ ದೇಶಗಳೂ ಒಪ್ಪಿದ ಸಂಕೇತಗಳಿವೆ. ಸಂಕೇತ ಒಂದೇ ಆದರೆ ಫಿನ್ನಿಷ್ ಭಾಷೆಯಲ್ಲಿ ಬರೆದದ್ದು ಎಸ್ಟೋನಿಯನ್ ಭಾಷೆಯಲ್ಲಿ ಕಾಣಿಸುತ್ತದೆ. ಇಲ್ಲಿ ಒಂದು ತಪ್ಪಾದರೆ ಪ್ರಾಣಕ್ಕೇ ಅಪಾಯ.

ನಾಲ್ಕನೆಯದು ತಂತ್ರಜ್ಞಾನ. ಜಾಲ, ಗುಪ್ತಲಿಪಿ, ಸುರಕ್ಷತೆ ಇತ್ಯಾದಿ. ನಾವು ಸಾಮಾನ್ಯವಾಗಿ ಇದೊಂದೇ ಕೆಲಸ ಎಂದುಕೊಳ್ಳುತ್ತೇವೆ. ನಿಜವಾಗಿ ಮೊದಲ ಮೂರು ಮುಗಿಯದೆ ಇದರಿಂದ ಪ್ರಯೋಜನವಿಲ್ಲ.

ಎದುರಿಗೆ ಇರುವವರು ಯಾರು?

ಸೇವೆ ಕೊಡುವ ಮೊದಲು, ಕೇಳುವವರು ಯಾರೆಂದು ಖಚಿತವಾಗಬೇಕು. ಒಂದು ದೇಶದ ವಿದ್ಯುನ್ಮಾನ ಗುರುತನ್ನು ಇನ್ನೊಂದು ದೇಶ ಒಪ್ಪಬೇಕೆಂಬ ನಿಯಮವನ್ನು ಯುರೋಪ್ 2014ರಲ್ಲಿ ಅಂಗೀಕರಿಸಿತು. 2018ರ ಸೆಪ್ಟೆಂಬರ್ 29ರಿಂದ ಅದು ಕಡ್ಡಾಯವಾಯಿತು. ಗಡಿಯಾಚೆ ಕಳುಹಿಸಲೇಬೇಕಾದ ವಿವರಗಳು ನಾಲ್ಕು ಮಾತ್ರ: ಮನೆತನದ ಹೆಸರು, ಸ್ವಂತ ಹೆಸರು, ಜನ್ಮದಿನಾಂಕ ಮತ್ತು ಒಂದು ವಿಶಿಷ್ಟ ಸಂಖ್ಯೆ. 2024ರಲ್ಲಿ ಈ ನಿಯಮಕ್ಕೆ ತಿದ್ದುಪಡಿಯಾಗಿದೆ. ಅದರಂತೆ ಪ್ರತಿ ಸದಸ್ಯ ದೇಶವೂ 2026ರ ಕೊನೆಯೊಳಗೆ ತನ್ನ ನಾಗರಿಕರಿಗೆ ಮೊಬೈಲಿನಲ್ಲಿ ಇಟ್ಟುಕೊಳ್ಳಬಹುದಾದ ಗುರುತಿನ ಕೈಚೀಲವೊಂದನ್ನು ಒದಗಿಸಬೇಕು.

ಕೇಳಲು ಸುಲಭ. ಆದರೆ ಮದುವೆಯಾದ ಮೇಲೆ ಹೆಸರು ಬದಲಾಯಿಸಿಕೊಂಡವರನ್ನು, ಹಳೆಯ ದಾಖಲೆಯಲ್ಲಿ ಬೇರೆ ಅಕ್ಷರದಲ್ಲಿ ಬರೆದವರನ್ನು ಹೊಂದಿಸುವುದು ಇಂದಿಗೂ ದೊಡ್ಡ ತಲೆನೋವು. ಒಂದು ದೇಶ ಕೊಟ್ಟ ಸಂಖ್ಯೆ ಇನ್ನೊಂದು ದೇಶದ ಕಡತದಲ್ಲಿ ಇರುವುದೇ ಇಲ್ಲ.

ಮಾಹಿತಿ ಎಲ್ಲಿರಬೇಕು?

ಎಲ್ಲರ ಮಾಹಿತಿಯನ್ನು ಒಂದೇ ಕಣಜಕ್ಕೆ ತುಂಬಿಸಿದರೆ ಕೆಲಸ ಸುಲಭ ಎಂದು ತೋರಬಹುದು. ಆದರೆ ಆ ಕಣಜಕ್ಕೆ ಕನ್ನ ಬಿದ್ದರೆ ಎಲ್ಲರದ್ದೂ ಹೋಯಿತು. ಎಸ್ಟೋನಿಯಾ 2001ರಲ್ಲಿ ಆರಂಭಿಸಿದ ‘ಎಕ್ಸ್-ರೋಡ್’ ಎಂಬ ವ್ಯವಸ್ಥೆ ಬೇರೆ ದಾರಿ ಹಿಡಿಯಿತು. ಪ್ರತಿ ಇಲಾಖೆಯ ಮಾಹಿತಿ ಆ ಇಲಾಖೆಯಲ್ಲೇ ಇರುತ್ತದೆ. ಬೇಕಾದಾಗ ಬೇಕಾದಷ್ಟು ಮಾತ್ರ ಕೇಳಿ ಪಡೆಯಬೇಕು. ಯಾರು, ಯಾವಾಗ, ಏನು ಕೇಳಿದರು ಎಂಬುದು ದಾಖಲಾಗುತ್ತದೆ. ಫಿನ್‌ಲೆಂಡ್ ಇದೇ ತಂತ್ರಾಂಶವನ್ನು ತಾನೂ ಅಳವಡಿಸಿಕೊಂಡಿತು. 2017ರಲ್ಲಿ ಎರಡೂ ದೇಶಗಳು ಸೇರಿ ಅದನ್ನು ನೋಡಿಕೊಳ್ಳಲು ತಾಲಿನ್‌ನಲ್ಲಿ ಒಂದು ಜಂಟಿ ಸಂಸ್ಥೆ ಸ್ಥಾಪಿಸಿದವು. ಐಸ್‌ಲೆಂಡ್ ಆಮೇಲೆ ಕೂಡಿಕೊಂಡಿತು.

ಕೋವಿಡ್ ಕಾಲದ ಯುರೋಪಿನ ಡಿಜಿಟಲ್ ಪ್ರಮಾಣಪತ್ರವೂ ಇದೇ ವಿವೇಕದಿಂದ ಹುಟ್ಟಿದ್ದು. 2021ರ ಜುಲೈ 1ರಂದು ಜಾರಿಗೆ ಬಂದ ಅದು 2023ರ ಜೂನ್ 30ರವರೆಗೆ ನಡೆಯಿತು. ಯಾರ ಲಸಿಕೆಯ ವಿವರವೂ ಕೇಂದ್ರದಲ್ಲಿ ಸಂಗ್ರಹವಾಗಲಿಲ್ಲ. ಸಹಿ ಅಸಲಿಯೇ ಎಂದು ನೋಡುವ ಡಿಜಿಟಲ್ ಕೀಲಿಗಳನ್ನು ಮಾತ್ರ ದೇಶಗಳು ಹಂಚಿಕೊಂಡವು. ಒಕ್ಕೂಟದ 27 ದೇಶಗಳಲ್ಲದೆ ಹೊರಗಿನ 51 ದೇಶ ಮತ್ತು ಪ್ರಾಂತ್ಯಗಳೂ ಇದಕ್ಕೆ ಸೇರಿದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಮಾದರಿಯನ್ನು ಕೈಗೆತ್ತಿಕೊಂಡಿತು.

ಮನೆ ಕಟ್ಟುವ ಮೊದಲೇ ಬಾಗಿಲು

ಮನೆ ಕಟ್ಟಿ ಮುಗಿದ ಮೇಲೆ ಗೋಡೆ ಒಡೆದು ಬಾಗಿಲು ಇಡುವುದಕ್ಕೆ ಖರ್ಚು ಹೆಚ್ಚು. ಸರಕಾರಿ ಸೇವೆಗಳಿಗೂ ಇದೇ ಮಾತು. ಆದ್ದರಿಂದ ಯುರೋಪ್ 2024ರ ಏಪ್ರಿಲಿನಲ್ಲಿ ಒಂದು ಹೊಸ ಕಾನೂನು ತಂದಿತು. ಗಡಿ ದಾಟುವ ಡಿಜಿಟಲ್ ಸೇವೆಗೆ ಹೊಸ ಕಡ್ಡಾಯ ನಿಯಮಗಳನ್ನು ತರುವ ಸರಕಾರಿ ಸಂಸ್ಥೆ, ಅದು ಇತರ ದೇಶಗಳೊಂದಿಗೆ ಹೊಂದುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ ವರದಿ ಪ್ರಕಟಿಸಬೇಕು. 2025ರ ಜನವರಿ 12ರಿಂದ ಇದು ಕಡ್ಡಾಯ.

‘ಒಮ್ಮೆ ಮಾತ್ರ’ ಎಂಬುದು ಇನ್ನೊಂದು ತತ್ವ. ನಾಗರಿಕನು ಒಂದು ಕಚೇರಿಗೆ ಕೊಟ್ಟ ದಾಖಲೆಯನ್ನು ಇನ್ನೊಂದು ಕಚೇರಿ ಮತ್ತೆ ಅವನಿಂದಲೇ ಕೇಳಬಾರದು; ಅವನ ಒಪ್ಪಿಗೆ ಪಡೆದು ಆ ಕಚೇರಿಯಿಂದಲೇ ತರಿಸಿಕೊಳ್ಳಬೇಕು. ಜನನ ದಾಖಲೆ, ಪಿಂಚಣಿ, ವಾಹನ ನೋಂದಣಿ ಮುಂತಾದ 21 ಬಗೆಯ ಕೆಲಸಗಳನ್ನು ಹೀಗೆ ಅಂತರ್ಜಾಲದಲ್ಲೇ ಮುಗಿಸುವ ಗುರಿಯನ್ನು 2018ರ ನಿಯಮ ಇಟ್ಟಿತು; ಗಡುವು 2023ರ ಡಿಸೆಂಬರ್. ಜನನ, ಮರಣ, ಮದುವೆ ದಾಖಲೆಗಳಿಗೆ ಸದಸ್ಯ ದೇಶಗಳ ನಡುವೆ ವಿಶೇಷ ಮೊಹರು ಬೇಡವೆಂದು 2019ರ ಫೆಬ್ರವರಿಯಿಂದಲೇ ನಿಯಮವಿದೆ. ಔಷಧಿ ಚೀಟಿ ಮತ್ತು ಆರೋಗ್ಯ ಸಾರಾಂಶಗಳನ್ನು 2029ರ ಮಾರ್ಚ್ ಒಳಗೆ ಎಲ್ಲ ಸದಸ್ಯ ದೇಶಗಳೂ ಹಂಚಿಕೊಳ್ಳುವಂತಾಗಬೇಕು.

ನಮಗೂ ಇದಕ್ಕೂ ಏನು ಸಂಬಂಧ?

ಈ ಪಾಠಗಳು ನಮ್ಮ ಬಾಗಿಲಿಗೂ ಬಂದಿವೆ. 2021ರಲ್ಲಿ ನಮ್ಮ ಕೋವಿನ್ ಪ್ರಮಾಣಪತ್ರದಲ್ಲಿ ಪೂರ್ಣ ಜನ್ಮದಿನಾಂಕ ಇರಲಿಲ್ಲ. ನಮ್ಮೊಳಗೆ ಅದರಿಂದ ತೊಂದರೆಯಾಗಲಿಲ್ಲ. ಬ್ರಿಟನ್ ಅದನ್ನು ಕೇಳಿದಾಗ ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ವಿದೇಶಕ್ಕೆ ಹೋಗುವವರಿಗಾಗಿ ಅದನ್ನು ಸೇರಿಸುವ ವ್ಯವಸ್ಥೆ ಮಾಡಬೇಕಾಯಿತು. ಒಂದು ದಿನಾಂಕ ಇಲ್ಲದಿದ್ದರೆ ಇಡೀ ಕಾಗದ ಗಡಿಯಲ್ಲಿ ನಿಲ್ಲುತ್ತದೆ.

ಒಳ್ಳೆಯ ಉದಾಹರಣೆಯೂ ಇದೆ. 2023ರ ಫೆಬ್ರವರಿ 21ರಂದು ನಮ್ಮ ಯುಪಿಐ ಮತ್ತು ಸಿಂಗಾಪುರದ ‘ಪೇನೌ’ ಒಂದಕ್ಕೊಂದು ಜೋಡಣೆಯಾದವು. ಅಲ್ಲಿ ದುಡಿಯುವವರು ಈ ವ್ಯವಸ್ಥೆಯಲ್ಲಿರುವ ಬ್ಯಾಂಕುಗಳ ಮೂಲಕ ಮೊಬೈಲಿನಿಂದಲೇ ಊರಿನ ಮನೆಗೆ ಹಣ ಕಳುಹಿಸಬಹುದು. ಎರಡೂ ದೇಶಗಳ ಕೇಂದ್ರ ಬ್ಯಾಂಕುಗಳು ಮಿತಿ, ನಿಯಮ, ಹೊಣೆಗಾರಿಕೆಗಳನ್ನು ಕುಳಿತು ಗೊತ್ತುಮಾಡಿಕೊಂಡದ್ದರಿಂದಲೇ ಇದು ಸಾಧ್ಯವಾಯಿತು.

ದಾಖಲೆಗಳ ವಿಷಯದಲ್ಲಿ ನಾವಿನ್ನೂ ಮೊಹರಿನ ಕಾಲದಲ್ಲೇ ಇದ್ದೇವೆ. ಭಾರತ 2005ರ ಜುಲೈ 14ರಿಂದ ಹೇಗ್ ‘ಅಪೊಸ್ಟಿಲ್’ ಒಪ್ಪಂದದಲ್ಲಿದೆ. ಒಪ್ಪಂದದ ಹೆಚ್ಚಿನ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಆ ಒಂದು ಮುದ್ರೆ ಸಾಕು. ರಾಯಭಾರ ಕಚೇರಿಯ ದೃಢೀಕರಣ ಬೇಡ. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್ 7ರಿಂದ ಇದು ಜಾರಿಯಲ್ಲಿದೆ. ಒಂದು ಮಾತು ನೆನಪಿರಲಿ: ಅಪೊಸ್ಟಿಲ್ ಸಾಕ್ಷಿ ಹೇಳುವುದು ಸಹಿ ಮತ್ತು ಮೊಹರು ಅಸಲಿ ಎಂದು ಮಾತ್ರ. ಒಳಗೆ ಬರೆದ ಹೆಸರು ಸರಿಯೇ ಎಂದು ಅದು ಹೇಳುವುದಿಲ್ಲ.

ಹೆಸರು ಎಂದಾಗ ನಮ್ಮವರ ಕಷ್ಟ ಬೇರೆಯೇ. ಡಿ’ಸೋಜ, ಡಿ’ಸಿಲ್ವ, ಡಿ’ಕುನ್ಹ ಎಂದು ಬರೆಯುವಾಗ ನಡುವೆ ಇಂಗ್ಲಿಷಿನಲ್ಲಿ ಒಂದು ಕೊಂಬಿನಂಥ ಚಿಹ್ನೆ ಬರುತ್ತದೆ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಸಾಲಿನಲ್ಲಿ ಆ ಚಿಹ್ನೆಗೆ ಜಾಗವಿಲ್ಲ. ಅಂತಾರಾಷ್ಟ್ರೀಯ ನಿಯಮದಂತೆ ಅದನ್ನು ಬಿಟ್ಟು ಅಕ್ಷರಗಳನ್ನು ಕೂಡಿಸುತ್ತಾರೆ. ಒಂದು ದಾಖಲೆಯಲ್ಲಿ ಚಿಹ್ನೆ, ಇನ್ನೊಂದರಲ್ಲಿ ಖಾಲಿ ಜಾಗ, ಮತ್ತೊಂದರಲ್ಲಿ ಎರಡೂ ಇಲ್ಲ ಎಂದಾದರೆ, ನೋಡುವ ಮನುಷ್ಯನಿಗೆ ಒಬ್ಬನೇ ವ್ಯಕ್ತಿ, ಗಣಕಯಂತ್ರಕ್ಕೆ ಮೂವರು.

ಚರ್ಚಿನ ಕಚೇರಿಯಲ್ಲಿ ದುಡಿಯುವವರು, ವಾರ್ಡಿನ ಗುರಿಕಾರರು ಇಲ್ಲಿ ಜನರಿಗೆ ನೆರವಾಗಬಹುದು. ಮದುವೆಯ ದಾಖಲೆ ಬರೆಯುವಾಗ ವಧೂವರರ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ ಎದುರಿಗಿಟ್ಟು ಅಕ್ಷರ ಅಕ್ಷರ ತಾಳೆ ನೋಡಬೇಕು. ಹೆಸರು ಮತ್ತು ಮನೆತನದ ಹೆಸರು ಯಾವುದೆಂದು ಸ್ಪಷ್ಟವಾಗಿರಲಿ. ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ಬರೆದರೆ 5ನೇ ತಿಂಗಳ 4 ಯಾವುದು, 4ನೇ ತಿಂಗಳ 5 ಯಾವುದು ಎಂಬ ಗೊಂದಲ ಬಾರದು. ವ್ಯತ್ಯಾಸ ಕಂಡರೆ ಹೊರಡುವ ವಾರದಲ್ಲಿ ಅಲ್ಲ, ವರ್ಷದ ಮೊದಲೇ ಸರಿಪಡಿಸಿಕೊಳ್ಳುವಂತೆ ತಿಳಿಹೇಳಬೇಕು.

ಹಿಂದೆ ಉಳಿಯುವವರು

ಕೊನೆಗೆ ಒಂದು ಎಚ್ಚರಿಕೆ. ಎಲ್ಲವೂ ಮೊಬೈಲಿಗೆ ಬಂದಾಗ ಮೊಬೈಲ್ ಇಲ್ಲದವರು ಏನು ಮಾಡಬೇಕು? ಮನೆಗೆಲಸಕ್ಕೆಂದು ಹೋದ ಹೆಂಗಸಿನ ಪಾಸ್‌ಪೋರ್ಟ್ ಯಜಮಾನನ ಕೈಯಲ್ಲಿದ್ದರೆ, ಅವಳ ಗುರುತೂ ಅವನ ಕೈಯಲ್ಲೇ ಇದ್ದಂತೆ. ಊರಿನಲ್ಲಿರುವ ವಯಸ್ಸಾದ ತಾಯಿಗೆ ಒಪ್ಪಿಗೆಯ ಗುಂಡಿ ಒತ್ತುವುದು ತಿಳಿಯದಿದ್ದರೆ ಅವರ ಪರವಾಗಿ ಯಾರು ಒತ್ತಬೇಕು? ಯುರೋಪಿನ ಚೌಕಟ್ಟು ಇಂಥವರನ್ನು ಮರೆತಿಲ್ಲ: ಡಿಜಿಟಲ್ ಸೇವೆಯ ಜೊತೆಗೆ ಬೇರೆ ದಾರಿಯೂ ತೆರೆದಿರಬೇಕು, ಅಂಗವಿಕಲರಿಗೂ ವೃದ್ಧರಿಗೂ ಬಳಸಲು ಬರಬೇಕು ಎಂದು ಅದು ಹೇಳುತ್ತದೆ.

ಯೋಜನೆ ಮಾಡುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಯಾವ ಯಂತ್ರ ತರಬೇಕು ಎಂಬುದಲ್ಲ. ಪರವೂರಿನ ಅಂಗಡಿಯಲ್ಲಿ ಮಾತ್ರೆಗಾಗಿ ನಿಂತ ರೋಗಿಗೆ ಏನು ಬೇಕು, ಅವನ ಗುಟ್ಟನ್ನು ಯಾರು ಕಾಯುತ್ತಾರೆ, ತಪ್ಪಾದರೆ ಅವನು ಯಾರ ಬಳಿ ಹೋಗಬೇಕು ಎಂಬುದು. ಈ ಮೂರಕ್ಕೆ ಎರಡೂ ದೇಶಗಳು ಒಂದೇ ಉತ್ತರ ಕೊಟ್ಟಾಗ ಗಡಿಯ ತಡೆ ತಾನಾಗಿ ತಗ್ಗುತ್ತದೆ.