ಶುಗರ್ ಚೀಟಿಯಲ್ಲಿ ಕಾಣದ ಖಿನ್ನತೆ

ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಡಾಕ್ಟರ ಮುಂದೆ ಕೂತು ಏನು ಹೇಳುತ್ತಾರೆ ಗಮನಿಸಿ. ಮೈಯಲ್ಲಿ ಶಕ್ತಿಯೇ ಇಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ, ಯಾವ ಕೆಲಸಕ್ಕೂ ಕೈ ಏಳುವುದಿಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ಸಕ್ಕರೆ 300ರ ಹತ್ತಿರ ಇದ್ದರಂತೂ ಮಾತು ಅಲ್ಲಿಗೇ ಮುಗಿಯಿತು. "ಶುಗರ್ ಜಾಸ್ತಿ ಇದೆಯಲ್ಲಮ್ಮಾ, ಅದಕ್ಕೇ ಸುಸ್ತು" ಎಂದು ಡಾಕ್ಟರು ಮಾತ್ರೆಯ ಪ್ರಮಾಣ ಏರಿಸುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವೇ ನಾಲ್ಕು ದೂರುಗಳನ್ನು ಮನೋವೈದ್ಯರ ಮುಂದೆ ಇಟ್ಟಿದ್ದರೆ ಅವರಿಗೆ ಮೊದಲು ಅನುಮಾನ ಬರುತ್ತಿದ್ದುದು ಖಿನ್ನತೆಯ ಮೇಲೆ. ಅದೂ ಸುಳ್ಳಲ್ಲ. ಎಷ್ಟೋ ಮಂದಿಯಲ್ಲಿ ಎರಡೂ ಇರುತ್ತವೆ, ಚಿಕಿತ್ಸೆ ಮಾತ್ರ ಒಂದಕ್ಕೇ ಸಿಗುತ್ತದೆ.

ಹೀಗೆ ಒಬ್ಬರಲ್ಲೇ ಒಂದಕ್ಕಿಂತ ಹೆಚ್ಚು ಕಾಯಿಲೆ ನೆಲೆಸುವುದಕ್ಕೆ ವೈದ್ಯರು ಕೊಮಾರ್ಬಿಡಿಟಿ ಎನ್ನುತ್ತಾರೆ. ಅಮೆರಿಕದ ವೈದ್ಯ ಆಲ್ವನ್ ಫೈನ್‌ಸ್ಟೈನ್ 1970ರಲ್ಲಿ ಬಳಕೆಗೆ ತಂದ ಈ ಪದ ಕೋವಿಡ್ ಕಾಲದಲ್ಲಿ ನಮ್ಮ ಪತ್ರಿಕೆಗಳಿಗೂ ಬಂತು. ಆಗ ಶುಗರ್, ಬಿಪಿ, ಹೃದ್ರೋಗಗಳೇ ಹೆಚ್ಚಾಗಿ ಕಾಣಿಸಿಕೊಂಡವು. ಮನಸ್ಸಿನ ಕಾಯಿಲೆಯನ್ನು ಆ ಸಾಲಿನಲ್ಲಿ ಎಣಿಸಿದವರು ಕಡಿಮೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ, ಅದಿಲ್ಲದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಖಿನ್ನತೆ ಇದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯೂ ಹೆಚ್ಚು.

ಇದು ಕಾಕತಾಳೀಯವಲ್ಲ. ಖಿನ್ನತೆಯಲ್ಲಿ ದೇಹದ ಒತ್ತಡದ ವ್ಯವಸ್ಥೆ ಬಿಡುವಿಲ್ಲದೆ ದುಡಿಯುವುದುಂಟು. ಆಗ ಅಡ್ರಿನಲ್ ಗ್ರಂಥಿಗಳಿಂದ ಬರುವ ಕಾರ್ಟಿಸೋಲ್ ಎಂಬ ಹಾರ್ಮೋನು, ಯಕೃತ್ತಿನಿಂದ ಹೆಚ್ಚು ಗ್ಲೂಕೋಸ್ ರಕ್ತಕ್ಕೆ ಇಳಿಯುವಂತೆ ಮಾಡಿ ಇನ್ಸುಲಿನ್ನಿನ ಕೆಲಸವನ್ನು ತಡೆಯುತ್ತದೆ. ಇನ್ನೊಂದು ಕಡೆಯಿಂದ ಸಕ್ಕರೆ ಕಾಯಿಲೆ ಮನಸ್ಸನ್ನು ಸವೆಸುತ್ತದೆ: ರಾತ್ರಿಯಿಡೀ ಅಂಗಾಲು ಉರಿ, ಹಬ್ಬದ ಎಲೆಯ ಮುಂದೆಯೂ ಲೆಕ್ಕಾಚಾರ, ಕಣ್ಣು ಹೋದೀತು ಕಿಡ್ನಿ ಹೋದೀತು ಎಂಬ ಭಯ. ನಡುವೆ ನಡವಳಿಕೆಯ ಕೊಂಡಿಯೊಂದಿದೆ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದು. ಖಿನ್ನತೆ ಬಂದವರ ಬೆಳಗಿನ ನಡಿಗೆ ನಿಲ್ಲುತ್ತದೆ, ಮಾತ್ರೆ ತಪ್ಪುತ್ತದೆ, ಹೊತ್ತು ಹೊತ್ತಿನ ಊಟ ಕೆಡುತ್ತದೆ. ಮನೆಯವರೂ ಆಸ್ಪತ್ರೆಯವರೂ "ಎಷ್ಟು ಹೇಳಿದರೂ ಕೇಳಲ್ಲ" ಎಂದು ಗದರುತ್ತಾರೆ. ಸಕ್ಕರೆ ಕಾಯಿಲೆ ರೋಗಿಯಿಂದ ದಿನವೂ ಬೇಡುವುದು ತನ್ನನ್ನು ತಾನು ನೋಡಿಕೊಳ್ಳುವ ಚೈತನ್ಯವನ್ನು. ಖಿನ್ನತೆ ಕಸಿದುಕೊಳ್ಳುವುದೂ ಅದನ್ನೇ. ಕಾಯಿಲೆಯ ಲಕ್ಷಣಕ್ಕಾಗಿ ರೋಗಿಯನ್ನು ಬೈಯುವುದು ದೊಡ್ಡ ಅನ್ಯಾಯ.

ಮನೋರೋಗದ ಹಣೆಪಟ್ಟಿ ಮೊದಲೇ ಬಿದ್ದಿದ್ದರೆ ಪರಿಸ್ಥಿತಿ ಇನ್ನೂ ಕಷ್ಟ. ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ತೀವ್ರ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮುಂಚೆ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾರಣ ಆತ್ಮಹತ್ಯೆಯೇ ಇರಬೇಕು ಎಂದು ಹಲವರು ಎಣಿಸುತ್ತಾರೆ. ಅದಿದೆ, ಆದರೆ ಬಹುಪಾಲು ಸಾವುಗಳು ತಡೆಯಬಹುದಾಗಿದ್ದ ದೈಹಿಕ ಕಾಯಿಲೆಗಳಿಂದ ಆದವು. ಎದೆನೋವು ಎಂದರೆ "ಅವನಿಗೆ ಮೊದಲಿಂದಲೂ ಗಾಬರಿ", ಹೊಟ್ಟೆನೋವು ಎಂದರೆ "ಅದೆಲ್ಲ ಮನಸ್ಸಿನದು". ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪಿನ್ ಎಂಬ ಮಾತ್ರೆಯಿಂದ ಮಲಬದ್ಧತೆ ಉಂಟಾಗಿ, ಅದು ಬಿಗಡಾಯಿಸಿದರೆ ಕರುಳೇ ಕಟ್ಟಿಕೊಂಡು ಪ್ರಾಣಕ್ಕೆ ಕುತ್ತು ಬರಬಲ್ಲದು. ಆ ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆನೋವನ್ನು ಭ್ರಮೆ ಎಂದು ತಳ್ಳಿಹಾಕಿದರೆ ಏನಾಗಬಹುದು ಯೋಚಿಸಿ.

ಮಾತ್ರೆಗಳ ವಿಷಯದಲ್ಲಂತೂ ಎರಡು ಚಿಕಿತ್ಸೆಗಳು ಒಂದಕ್ಕೊಂದು ತಿಳಿಯದಂತೆ ನಡೆಯಲೇಬಾರದು. ಇಂಥ ಮನೋರೋಗಗಳಿಗೆ ಕೊಡುವ ಓಲಾನ್ಜಪಿನ್, ಕ್ಲೋಜಪಿನ್ ತೂಕವನ್ನೂ ರಕ್ತದ ಸಕ್ಕರೆ, ಕೊಬ್ಬನ್ನೂ ಏರಿಸಬಲ್ಲವು. ಹಾಗಾಗಿ ಶುರುಮಾಡುವ ಮುನ್ನ ತೂಕ, ಸೊಂಟದ ಸುತ್ತಳತೆ, ಸಕ್ಕರೆ ಬರೆದಿಟ್ಟುಕೊಂಡು ಆಮೇಲೂ ನೋಡುತ್ತಿರಬೇಕು. ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುವವರು ಮೊಣಕಾಲು ನೋವಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಡೈಕ್ಲೋಫಿನ್ಯಾಕ್ ಅಥವಾ ಐಬುಪ್ರೊಫೆನ್ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಹೀಗೆಯೇ. ಬೀಡಿಯ ಹೊಗೆಯಲ್ಲಿರುವ ರಾಸಾಯನಿಕಗಳು ಯಕೃತ್ತು ಕ್ಲೋಜಪಿನ್ ಅನ್ನು ಬೇಗ ಕರಗಿಸುವಂತೆ ಮಾಡುತ್ತವೆ. ಹೃದಯದ ತೊಂದರೆಯೆಂದು ಆಸ್ಪತ್ರೆ ಸೇರಿದ ರೋಗಿ ಒಮ್ಮೆಲೇ ಬೀಡಿ ಬಿಟ್ಟರೆ, ಅದೇ ಪ್ರಮಾಣದ ಮಾತ್ರೆ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ಬೀಡಿ ಬಿಡಲೇಬೇಕು, ಆದರೆ ಬಿಟ್ಟ ಸುದ್ದಿ ಮನೋವೈದ್ಯರ ಕಿವಿಗೂ ಬೀಳಬೇಕು.

ಹಾಗಾದರೆ ಇವನ್ನೆಲ್ಲ ಒಟ್ಟಿಗೆ ನೋಡುವವರು ಯಾರು? ಈ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಳ್ಳೆಯ ಉತ್ತರವೊಂದು ಸಿಕ್ಕಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮನೋವೈದ್ಯ ವೇಯ್ನ್ ಕೇಟನ್ ಮತ್ತು ಸಂಗಡಿಗರು 214 ರೋಗಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಮ್ಮ ಪರಿಸ್ಥಿತಿಗೆ ಹೊಂದಿಸಿಕೊಂಡು, ದೆಹಲಿ, ಚೆನ್ನೈ, ವಿಶಾಖಪಟ್ಟಣ ಮತ್ತು ಬೆಂಗಳೂರಿನ ನಾಲ್ಕು ಚಿಕಿತ್ಸಾಲಯಗಳಲ್ಲಿ ಒರೆಗೆ ಹಚ್ಚಲಾಯಿತು. ಇಂಡಿಪೆಂಡೆಂಟ್ ಎಂಬ ಹೆಸರಿನ ಈ ಅಧ್ಯಯನದಲ್ಲಿದ್ದವರು 404 ಮಂದಿ. ಎಲ್ಲರಿಗೂ ಖಿನ್ನತೆ ಇತ್ತು. ಜೊತೆಗೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಇಲ್ಲವೇ ಬಿಪಿ ಅಥವಾ ಕೊಲೆಸ್ಟರಾಲ್ ಏರಿದ ಸಕ್ಕರೆ ಕಾಯಿಲೆ. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ವೈದ್ಯರಲ್ಲದ, ಆದರೆ ತರಬೇತಿ ಪಡೆದ ಒಬ್ಬ ಸಂಯೋಜಕರ ನೆರವು. ಸಕ್ಕರೆ ಎಷ್ಟಿದೆ, ಮನಸ್ಸು ಹೇಗಿದೆ, ಮಾತ್ರೆ ಹೊಂದುತ್ತಿದೆಯೇ, ಎಲ್ಲವನ್ನೂ ವಿಚಾರಿಸುವವರು ಅವರೊಬ್ಬರೇ. ಸುಧಾರಿಸದವರ ಕಡತಗಳನ್ನು ಸಕ್ಕರೆ ಕಾಯಿಲೆಯ ತಜ್ಞರೂ ಮನೋವೈದ್ಯರೂ ಜೊತೆಯಾಗಿ ಕೂತು ನೋಡಿ ಚಿಕಿತ್ಸೆ ಬದಲಿಸಲು ಸೂಚಿಸುತ್ತಿದ್ದರು.

ಈ ನೆರವು ಸಿಕ್ಕಿದ್ದು 12 ತಿಂಗಳು. ಅದು ನಿಂತು ಇನ್ನೂ ಒಂದು ವರ್ಷ ಕಳೆದ ಮೇಲೆ ಅಳೆದು ನೋಡಿದರು. ಖಿನ್ನತೆಯ ಅಂಕ ಅರ್ಧಕ್ಕಿಳಿದು, ಜೊತೆಗೆ ಸಕ್ಕರೆ, ಬಿಪಿ, ಕೆಟ್ಟ ಕೊಲೆಸ್ಟರಾಲ್ ಇವುಗಳಲ್ಲಿ ಒಂದಾದರೂ ಸಾಕಷ್ಟು ಸುಧಾರಿಸಿದವರು ಸಂಯೋಜಕರ ಗುಂಪಿನಲ್ಲಿ ಶೇ 71.6, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 57.4. ಫಲಿತಾಂಶ 2020ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಜರ್ನಲ್‌ನಲ್ಲಿ ಪ್ರಕಟವಾಯಿತು. ಇಲ್ಲಿ ಹೊಸ ಔಷಧವಾಗಲಿ ದುಬಾರಿ ಯಂತ್ರವಾಗಲಿ ಇಲ್ಲ. ಇದ್ದ ಔಷಧಗಳೇ, ಇದ್ದ ವೈದ್ಯರೇ.

ಇದು ದೊಡ್ಡ ನಗರಗಳ ಮಾತಾಯಿತು. ಹಳ್ಳಿಗಳಲ್ಲಿ? ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನಸ್ಸಿನ ಕಾಯಿಲೆಯನ್ನೂ ಶುಗರ್, ಬಿಪಿಯನ್ನೂ ಒಟ್ಟಿಗೆ ನೋಡುವ, ಆಶಾ ಕಾರ್ಯಕರ್ತೆಯರನ್ನು ಜೊತೆಗೂಡಿಸಿಕೊಂಡ ಪ್ರಯೋಗ ನಡೆದಿದೆ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ರೂಪಿಸಿದ ಮಾದರಿಯಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆಯಿತು. ರಾಜ್ಯದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್‌ಗಳೂ ಬಂದವು. ಇಷ್ಟೆಲ್ಲ ಇರುವ ರಾಜ್ಯದಲ್ಲಿ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಇಂಥ ಒಬ್ಬ ಸಂಯೋಜಕರನ್ನು ಕೊಡುವುದು ಆಗದ ಕೆಲಸವೇನಲ್ಲ. ಆರೋಗ್ಯದ ಹಣ ಎಲ್ಲಿಗೆ ಹೋಗಬೇಕೆಂದು ನನ್ನನ್ನು ಕೇಳಿದರೆ, ಮೊದಲು ಈ ಹುದ್ದೆಗೆ ಎನ್ನುತ್ತೇನೆ.

ಅಲ್ಲಿಯವರೆಗೆ ಆ ಕೆಲಸ ಮನೆಯವರ ಪಾಲಿಗೇ ಉಳಿದಿದೆ. ಯಾವ ಡಾಕ್ಟರ ಬಳಿ ಹೋದರೂ ಎಲ್ಲ ಚೀಟಿಗಳನ್ನೂ, ಅಂಗಡಿಯಿಂದ ತಂದ ನೋವಿನ ಮಾತ್ರೆ, ನಾಟಿ ಔಷಧಿಯನ್ನೂ ಒಂದೇ ಚೀಲದಲ್ಲಿ ಒಯ್ದು ತೋರಿಸಿ. ಶುಗರ್ ಡಾಕ್ಟರು ಕೇಳದಿದ್ದರೂ, ಎರಡು ವಾರದಿಂದ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ ಎಂಬುದನ್ನು ನೀವೇ ಹೇಳಿ. ಸುಸ್ತು, ಬೇಸರ ಹೊಸದಾಗಿ ಬಂದಿದ್ದರೆ ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಬೇಕೇ ಎಂದು ಮನೋವೈದ್ಯರನ್ನು ಕೇಳಿ; ಇವೆರಡರ ಕೊರತೆಯೂ ಖಿನ್ನತೆಯಂತೆಯೇ ತೋರಬಲ್ಲದು. ಹತ್ತಿರದಲ್ಲಿ ಮನೋವೈದ್ಯರು ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ.