ಅಳತೆ ಕಂಬದ ಮುಂದೆ ಪುಟ್ಟ ಮಕ್ಕಳು

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗುವ ಥೀಮ್ ಪಾರ್ಕ್ ಪ್ರವಾಸದ ಮೊದಲ ಸಿದ್ಧತೆ ಮನೆಯ ಗೋಡೆಯ ಪಕ್ಕದಲ್ಲೇ ಆಗಬೇಕು. ಮಗುವನ್ನು ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ನೆತ್ತಿಯ ಮೇಲೊಂದು ಪುಸ್ತಕವನ್ನು ಮಟ್ಟಸವಾಗಿಟ್ಟು, ಅದರ ಅಡಿಗೆ ಪೆನ್ಸಿಲ್ ಗೆರೆ ಎಳೆದು ಅಳೆದರೆ ಸಿಗುವ ಸಂಖ್ಯೆಯ ಮೇಲೆ ಟಿಕೆಟ್ಟಿನ ಬೆಲೆಯೂ ಆ ದಿನದ ಆಟಗಳೂ ನಿಂತಿರುತ್ತವೆ. ಬಿಡದಿಯ ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಬೇಡ. ಅಲ್ಲಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್. ಅದನ್ನು ದಾಟಿದರೆ ದೊಡ್ಡವರ ಲೆಕ್ಕ. ‘ಇನ್ನೂ ಆರು ತುಂಬಿಲ್ಲ ಸಾರ್’ ಎಂದು ಬಸ್ ಕಂಡಕ್ಟರ್ ಮುಂದೆ ಹೂಡುವ ವಾದ ಅಳತೆ ಕಂಬದ ಮುಂದೆ ನಡೆಯದು.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಎರಡು ವರ್ಷದ ಮಗುವಿನ ನಡುಮಟ್ಟದ ಎತ್ತರ 86ರಿಂದ 88 ಸೆಂ.ಮೀ., ಮೂರಕ್ಕೆ 95-96, ನಾಲ್ಕಕ್ಕೆ 103, ಐದಕ್ಕೆ 109-110. ಅಂದರೆ ಪುಕ್ಕಟೆ ಪ್ರವೇಶ ಹೆಚ್ಚಿನ ಮಕ್ಕಳಿಗೆ ಎರಡನೇ ಹುಟ್ಟುಹಬ್ಬದ ಹೊತ್ತಿಗೇ ಮುಗಿಯುತ್ತದೆ. ನಾಲ್ಕರಿಂದ ಐದರ ನಡುವೆ ಮಗು ವರ್ಷಕ್ಕೆ ಆರೇಳು ಸೆಂಟಿಮೀಟರ್ ಬೆಳೆಯುವುದರಿಂದ, ಮೆಚ್ಚಿನ ಆಟಕ್ಕೆ ಎರಡು ಮೂರು ಸೆಂಟಿಮೀಟರ್ ಸಾಲದಿದ್ದರೆ ಪ್ರವಾಸವನ್ನು ಆರು ತಿಂಗಳು ಮುಂದೂಡುವುದೇ ಜಾಣತನ. ಇನ್ನೊಂದು ಸಣ್ಣ ಸಂಗತಿ: ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ದೇಹದ ಭಾರಕ್ಕೆ ಅದುಮಿಕೊಳ್ಳುವುದರಿಂದ ಬೆಳಗಿನ ಎತ್ತರ ಸಂಜೆಗೆ ತುಸು ತಗ್ಗುತ್ತದೆ. ಗೆರೆಯ ಅಂಚಿನಲ್ಲಿರುವ ಮಗು ಬೆಳಿಗ್ಗೆ ಹತ್ತಿದ ಆಟಕ್ಕೆ ಸಂಜೆ ಸಲ್ಲದೆ ಹೋಗಬಹುದು.

ಈ ನಿಯಮದ ಹಿಂದಿರುವುದು ಯಂತ್ರದ ಲೆಕ್ಕ. ಆಸನದ ಪಟ್ಟಿ ಮತ್ತು ತೊಡೆಯ ಮೇಲೆ ಬಂದು ಕೂರುವ ಸರಳು ಒಂದು ಗಾತ್ರದ ದೇಹಕ್ಕೆಂದು ರೂಪಿಸಿದವು. ಒಂದೇ ಸರಳು ಇಬ್ಬರನ್ನು ಹಿಡಿಯುವ ಕಡೆ ಅದು ದಪ್ಪ ತೊಡೆಯವರ ಮೇಲೆ ನಿಂತುಬಿಡುತ್ತದೆ. ಪಕ್ಕದಲ್ಲಿ ಕೂತ ಮಗುವಿಗೂ ಸರಳಿಗೂ ನಡುವೆ ಒಂದು ಗೇಣು ಜಾಗ ಉಳಿಯುತ್ತದೆ. ಗಾಡಿ ಗಕ್ಕನೆ ತಿರುಗಿದಾಗ ಮಗು ಆ ಸಂದಿಯಿಂದ ಜಾರಬಹುದು. ಅಪ್ಪ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ತಿರುವಿನ ರಭಸದಲ್ಲಿ ಅಪ್ಪನ ಕೈಗಳೂ ಅವರ ಮಾತು ಕೇಳುವುದಿಲ್ಲ. ದೊಡ್ಡ ರೋಲರ್ ಕೋಸ್ಟರ್‌ಗಳು ಸಾಮಾನ್ಯವಾಗಿ 120ರಿಂದ 140 ಸೆಂ.ಮೀ. ಕೇಳುತ್ತವೆ. ಏಳು ವರ್ಷಕ್ಕೆ ಮೊದಲು ಅವುಗಳ ಆಸೆ ಹುಟ್ಟಿಸದಿರುವುದು ಮನೆಮಂದಿಗೆಲ್ಲ ಕ್ಷೇಮ. ಪಾರ್ಕಿನ ಜಾಲತಾಣದಲ್ಲಿ ಪ್ರತಿ ಆಟದ ಎತ್ತರದ ಮಿತಿ ನೋಡಿಕೊಂಡು, ಮಗುವಿಗೆ ಸಲ್ಲುವ ಆಟಗಳನ್ನು ಮಾತ್ರ ಮೊದಲೇ ಹೆಸರಿಸಿದರೆ ಗೇಟಿನ ಮುಂದಿನ ಅಳು ಅರ್ಧ ತಪ್ಪುತ್ತದೆ.

ದಿನ ಆರಿಸುವುದು ಸುಲಭ, ಪಾಲಿಸುವುದು ಕಷ್ಟ. ಬೇಸಿಗೆ ರಜೆ, ದಸರಾ ರಜೆ, ಕ್ರಿಸ್‌ಮಸ್ ವಾರ ಮತ್ತು ಭಾನುವಾರಗಳಲ್ಲಿ ಜನ ಕಿಕ್ಕಿರಿಯುತ್ತಾರೆ. ಶಾಲೆಗೆ ಇನ್ನೂ ಸೇರದ ಮಗುವಿನ ತಂದೆ ತಾಯಿಗೆ ವಾರದ ನಡುವಿನ ದಿನ ಸಿಗುತ್ತದೆ. ಆ ಅನುಕೂಲ ಮತ್ತೆ ಹತ್ತು ಹದಿನೈದು ವರ್ಷ ಬರುವುದಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ನೀರಾಟ ಪುಟ್ಟವರಿಗೆ ಹಿತವಲ್ಲ. ತೂಕಕ್ಕೆ ಹೋಲಿಸಿದರೆ ಅವರ ಮೈಯ ಹೊರಮೈ ಹೆಚ್ಚು, ಹಾಗಾಗಿ ಶಾಖ ಬೇಗ ಸೋರಿಹೋಗುತ್ತದೆ. ತುಟಿ ನೀಲಿಗಟ್ಟಿ ಹಲ್ಲು ಕಟಕಟ ಅನ್ನುವವರೆಗೂ ‘ಚಳಿ ಇಲ್ಲಮ್ಮಾ’ ಎನ್ನುವುದು ಮಕ್ಕಳ ಜಾಯಮಾನ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆಂಗಳೂರಿನ ಸುತ್ತ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಸಿಡಿಲಿದ್ದಾಗ ಎತ್ತರದ ಆಟಗಳನ್ನು ನಿಲ್ಲಿಸುವುದರಿಂದ ಆ ತಿಂಗಳುಗಳಲ್ಲಿ ಬಯಲಿನ ಆಟಗಳನ್ನು ಮೊದಲು ಮುಗಿಸಿಕೊಳ್ಳಬೇಕು.

ಬಿಡದಿಯ ಪಾರ್ಕ್ 2005ರಲ್ಲಿ ಶುರುವಾಯಿತು. ಮೈಸೂರು ರಸ್ತೆಯ ಕಡೆ ಬೆಂಗಳೂರಿನಿಂದ ಸುಮಾರು 28 ಕಿ.ಮೀ. ದೂರ, ಎಂಬತ್ತು ಎಕರೆಗೂ ಮಿಕ್ಕಿದ ಜಾಗ. ಈ ವಿಸ್ತಾರ ಮೂರು ವರ್ಷದ ಕಾಲುಗಳಿಗೆ ದೊಡ್ಡದು. ಮಡಚುವ ತಳ್ಳುಗಾಡಿ ಇದ್ದರೆ ಒಳ್ಳೆಯದು. ಬಾಗಿಲು ತೆರೆಯುವುದು ಹನ್ನೊಂದಕ್ಕೆ, ಪುಟ್ಟ ಮಕ್ಕಳು ಏಳುವುದು ಆರಕ್ಕೆ. ನಡುವಿನ ಐದು ಗಂಟೆಯನ್ನು ತುಂಬಲು ಬಿಡದಿಯ ತಟ್ಟೆ ಇಡ್ಲಿಗಿಂತ ಒಳ್ಳೆಯ ಉಪಾಯ ಇಲ್ಲ. ಹೊರಗಿನ ಊಟ ಒಳಗೆ ಬಿಡದ ಕಾರಣ ಹೊಟ್ಟೆ ತುಂಬ ತಿಂದು ಹೋಗುವುದೇ ಲೇಸು. ಹಸುಗೂಸಿನ ಆಹಾರಕ್ಕೆ ವಿನಾಯಿತಿ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಬೈಕಿನಲ್ಲಿ ಹೊರಡುವವರು ನೆನಪಿಡಬೇಕಾದದ್ದು: 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಸಾಗಬೇಕು.

ಚೀಲ ಕಟ್ಟುವಾಗ ಹೆಚ್ಚಿನವರು ಎಡವುವುದು ಬಟ್ಟೆಯಲ್ಲಿ. ನೀರಾಟಕ್ಕೆ ಹತ್ತಿ ಬಟ್ಟೆ ನಡೆಯದು, ನೈಲಾನ್ ಅಥವಾ ಪಾಲಿಯೆಸ್ಟರ್ ಈಜುಡುಗೆ ಬೇಕು. ಹತ್ತಿಯ ನೂಲೆಳೆಗಳು ಬಿಟ್ಟುಕೊಂಡು ನೀರು ಸೋಸುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು ಕುಡಿದ ಬಟ್ಟೆ ಭಾರವಾಗಿ ಮೈಯಿಂದ ಜಾರುತ್ತದೆ. ಮನೆಯಿಂದಲೇ ಒಯ್ದರೆ ಖರ್ಚು ಉಳಿಯುತ್ತದೆ. ಡಯಾಪರ್ ಬಿಡದ ಮಗುವಿಗೆ ಈಜಿಗೆಂದೇ ಇರುವ ಡಯಾಪರ್ ಬೇಕು, ಮಾಮೂಲಿಯದು ನೀರು ಹೀರಿ ಕುಂಬಳಕಾಯಿಯಂತೆ ಉಬ್ಬುತ್ತದೆ. ಹಿಂದಿನ ದಿನಗಳಲ್ಲಿ ಭೇದಿಯಾಗಿದ್ದ ಮಗುವನ್ನು ಕೊಳಕ್ಕೆ ಇಳಿಸಲೇಬಾರದು. ಭೇದಿ ತರುವ ಕೆಲವು ಸೂಕ್ಷ್ಮಜೀವಿಗಳು ಕ್ಲೋರಿನ್ ನೀರಿನಲ್ಲೂ ದಿನಗಟ್ಟಲೆ ಬದುಕುತ್ತವೆ.

ನೀರಿನ ವಿಷಯದಲ್ಲಿ ಸಿನಿಮಾ ಕಲಿಸಿದ ಪಾಠ ಮರೆಯಬೇಕು. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಉಸಿರಿಗೇ ದಾರಿ ಇಲ್ಲದಾಗ ದನಿ ಹೊರಡುವುದಾದರೂ ಹೇಗೆ? ಮೊಣಕಾಲುದ್ದ ನೀರಿನಲ್ಲೂ ನಿಮಿಷದೊಳಗೆ ಅನಾಹುತ ನಡೆಯಬಹುದು. ಅಲೆಗಳ ಕೊಳದಲ್ಲಿ ಸೈರನ್ ಮೊಳಗಿದೊಡನೆ ಜನ ಒಟ್ಟಿಗೆ ನುಗ್ಗುವುದರಿಂದ ಪುಟ್ಟ ಮಕ್ಕಳು ಕಣ್ಣಿಗೆ ಬೀಳುವುದೇ ಕಷ್ಟ. ಹತ್ತು ಜನರ ಬಳಗ ಹೋದಾಗಲೇ ಅಪಾಯ ಹೆಚ್ಚು, ಏಕೆಂದರೆ ಎಲ್ಲರೂ ‘ಇನ್ಯಾರೋ ನೋಡುತ್ತಿದ್ದಾರೆ’ ಎಂದುಕೊಂಡಿರುತ್ತಾರೆ. ಕಾಲು ಗಂಟೆಗೊಬ್ಬರಂತೆ ಸರದಿ ಹಾಕಿಕೊಂಡು, ಆ ಹೊತ್ತಿನಲ್ಲಿ ಮೊಬೈಲ್ ಲಾಕರಿನಲ್ಲಿಟ್ಟು, ಮಗು ಕೈಗೆಟಕುವಷ್ಟು ಹತ್ತಿರದಲ್ಲಿರುವುದು ಪಕ್ಕಾ ವ್ಯವಸ್ಥೆ. ಗಾಳಿ ತುಂಬಿದ ತೋಳುಪಟ್ಟಿ ಆಟಿಕೆ ಮಾತ್ರ, ಲೈಫ್ ಜಾಕೆಟ್ ಬೇರೆ.

ಇಡೀ ಯೋಜನೆಯನ್ನು ಕೆಡಿಸುವ ಶಕ್ತಿ ಮಧ್ಯಾಹ್ನದ ನಿದ್ದೆಗಿದೆ. ನೀರಾಟಗಳು ಸಾಮಾನ್ಯವಾಗಿ ಹನ್ನೆರಡರ ಮೇಲೆ ತೆರೆಯುತ್ತವೆ, ಒಂದರಿಂದ ಎರಡರವರೆಗೆ ಊಟದ ಕೌಂಟರಿನ ಮುಂದೆ ಸಾಲು, ಅದೇ ಹೊತ್ತಿಗೆ ಮಗುವಿನ ಕಣ್ಣು ಎಳೆಯತೊಡಗುತ್ತದೆ. ಹನ್ನೊಂದಕ್ಕೆ ಕುದುರೆ ಗಾಣದಂಥ ಸುತ್ತಾಟ, ಪುಟಾಣಿ ರೈಲು. ಹನ್ನೆರಡಕ್ಕೇ ಹಗುರ ಊಟ. ಆಮೇಲೆ ಒಂದು ಗಂಟೆ ನೀರು. ಮೈ ಒರೆಸಿ ಒಣಬಟ್ಟೆ ಹಾಕಿ ನೆರಳಿನಲ್ಲಿ ನಿದ್ದೆ. ಈ ಕ್ರಮ ಹೆಚ್ಚಿನ ಮಕ್ಕಳಿಗೆ ಒಗ್ಗುತ್ತದೆ. ಅಪ್ಪ ಅಮ್ಮ ಒಬ್ಬರಾದ ಮೇಲೊಬ್ಬರು ದೊಡ್ಡ ಆಟಗಳಿಗೆ ಹೋಗಿಬರಲೂ ಆ ನಿದ್ದೆಯೇ ಸಮಯ. ಕತ್ತಲ ಸುರಂಗ, ಗುಡುಗುವ ಧ್ವನಿವರ್ಧಕ, ತಲೆಬುರುಡೆಯ ಮನೆಗಳನ್ನು ಬಿಟ್ಟುಬಿಡಬೇಕು. ಮೂರು ನಾಲ್ಕು ವರ್ಷದವರಿಗೆ ವೇಷಕ್ಕೂ ನಿಜಕ್ಕೂ ನಡುವಿನ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಕೈ ಕುಲುಕಲು ಬಂದ ಗೊಂಬೆವೇಷವೇ ಎಷ್ಟೋ ಮಕ್ಕಳಿಗೆ ಭೂತವಾಗಿ ಕಾಣುತ್ತದೆ.

ವಿದೇಶದ ಪಾರ್ಕುಗಳಲ್ಲಿ ಟಿಕೆಟ್ಟಿನ ಲೆಕ್ಕ ಬೇರೆ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನಲ್ಲಿ ಮೂರು ತುಂಬದವರಿಗೆ, ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ನಾಲ್ಕು ತುಂಬದವರಿಗೆ ಪುಕ್ಕಟೆ, ವಯಸ್ಸಿಗೆ ಪಾಸ್‌ಪೋರ್ಟೇ ಸಾಕ್ಷಿ. ಆದರೆ ಒಳಗೆ ಹೋದ ಮೇಲೆ ಅಲ್ಲೂ ಸೆಂಟಿಮೀಟರಿನದೇ ಆಳ್ವಿಕೆ: ಸಿಂಗಪುರದ ಟ್ರಾನ್ಸ್‌ಫಾರ್ಮರ್ಸ್ ಆಟಕ್ಕೆ 102, ಹಾಂಗ್‌ಕಾಂಗಿನ ಬಿಗ್ ಗ್ರಿಜ್ಲಿ ಗಾಡಿಗೆ 112. ಡಿಸ್ನಿಯ ಹಲವು ಪಾರ್ಕುಗಳಲ್ಲಿ ‘ರೈಡರ್ ಸ್ವಿಚ್’ ಎಂಬ ಸೌಲಭ್ಯವಿದೆ. ಒಬ್ಬರು ಮಗುವಿನ ಜತೆ ಹೊರಗುಳಿಯುತ್ತಾರೆ, ಇನ್ನೊಬ್ಬರು ಆಡಿ ಬಂದ ಮೇಲೆ ಮೊದಲಿನವರು ಮತ್ತೆ ಪೂರ್ತಿ ಸಾಲು ನಿಲ್ಲದೆ ಒಳಹೋಗುತ್ತಾರೆ. ಕೇಳಿದವರಿಗಷ್ಟೇ ಸಿಗುವ ಅನುಕೂಲ ಇದು, ಸರತಿಯ ಬಾಯಲ್ಲೇ ಸಿಬ್ಬಂದಿಗೆ ಹೇಳಬೇಕು.

ಮಗು ಕೈತಪ್ಪಿದರೆಂಬ ಎಚ್ಚರಿಕೆಗೆ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆದು, ಅದರ ಮೇಲೆ ಪಾರದರ್ಶಕ ಬ್ಯಾಂಡೇಜ್ ಅಂಟಿಸಿದರೆ ನೀರಿಗೂ ಬೇಗ ಅಳಿಯುವುದಿಲ್ಲ. ಬೆಳಿಗ್ಗೆ ಗೇಟಿನಲ್ಲೇ ಮಗುವಿನದೊಂದು ಫೋಟೋ ತೆಗೆದಿಟ್ಟುಕೊಂಡರೆ ತೊಟ್ಟ ಅಂಗಿಯ ಬಣ್ಣ ನೆನಪಿಸಿಕೊಳ್ಳಲು ತಡಕಾಡಬೇಕಾಗಿಲ್ಲ. ಮುಚ್ಚುವ ಹೊತ್ತಿಗೆ ಬಟ್ಟೆ ಬದಲಿಸುವ ಕೋಣೆ, ಲಾಕರ್, ಪಾರ್ಕಿಂಗ್ ಮೂರರಲ್ಲೂ ನೂಕುನುಗ್ಗಲು. ಒಂದು ಗಂಟೆ ಮೊದಲೇ ಹೊರಟ ಕುಟುಂಬದ ಮಗು ಒಣಬಟ್ಟೆಯಲ್ಲಿ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತಿನೊಂದಿಗೆ, ಬೆಂಗಳೂರಿಗೆ ಮರಳುವ ದಾರಿಯ ಕುಂಬಳಗೋಡು ದಾಟುವ ಮೊದಲೇ ನಿದ್ದೆ ಹೋಗಿರುತ್ತದೆ.