ಜೀಪು ನಡುಗಿದರೆ ಕ್ರಾಸನ್ನೇ ದೂರಬೇಡಿ

ಗೊಬ್ಬರ ಹೇರಿದಾಗ ಹಿಂದುಗಡೆ ತುಂಬ ಕುಸಿಯುತ್ತದೆಂದು ನನ್ನ ಹಳೆ ಜೀಪಿನ ಹಿಂದಿನ ಪ್ಲೇಟುಗಳಿಗೆ ಉದ್ದದ ಶ್ಯಾಕಲ್ ಹಾಕಿಸಿದೆ. ಎತ್ತರವೇನೋ ಬಂತು, ಜೊತೆಗೆ ನಡುಕವೂ ಬಂತು. 40 ಕಿಲೋಮೀಟರ್ ವೇಗ ದಾಟಿದರೆ ಸೀಟಿನಡಿ ಗುಂಯ್ ಅಂತ ಅದುರು. 4 ತಿಂಗಳಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎರಡು ಸಲ ಬದಲಾಯಿಸಿದ್ದಾಯ್ತು.

ಕೊನೆಗೆ ನಾನೇ ಪರೀಕ್ಷೆಗಿಳಿದೆ. ಅದೇ ವೇಗದಲ್ಲಿ ಗೇರ್ ಬದಲಿಸಿದರೂ ನಡುಕ ಅಷ್ಟೇ. ಸಪಾಟು ರಸ್ತೆಯಲ್ಲಿ ನ್ಯೂಟ್ರಲ್ ಮಾಡಿದರೂ ಇತ್ತು. ಅಂದ ಮೇಲೆ ಇಂಜಿನ್ ಅಲ್ಲ. ಟಯರು ಹಿಂದುಮುಂದು ಮಾಡಿದರೂ ಫಲವಿಲ್ಲ. ಉಳಿದದ್ದು ಶಾಫ್ಟು.

ಕ್ರಾಸ್ ಓರೆಯಾಗಿ ತಿರುಗುವಾಗ ಶಾಫ್ಟು ಒಂದು ಸುತ್ತಿನಲ್ಲಿ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಓರೆಯಿದ್ದರೆ ಇದನ್ನು ಸರಿದೂಗಿಸುತ್ತದೆ. ಇಲ್ಲದಿದ್ದರೆ ನಡುಕ. ಶಾಫ್ಟಿನ ಎರಡೂ ತುದಿಯ ಕಿವಿಗಳು ಒಂದೇ ನೇರದಲ್ಲಿರಬೇಕು. ಬಿಚ್ಚಿ ಜೋಡಿಸುವಾಗ ಒಂದೆರಡು ಹಲ್ಲು ತಪ್ಪಿದರೂ ಕೆಟ್ಟಿತು. ನನ್ನದರಲ್ಲಿ ಇದು ಸರಿಯಿತ್ತು.

ಮತ್ತೆ ಕೋನ ಅಳೆದೆ. ಜೀಪನ್ನು ಸಮತಟ್ಟಾದ ಅಂಗಳದಲ್ಲಿ ಚಕ್ರದ ಮೇಲೆಯೇ ನಿಲ್ಲಿಸಿ ಶಾಫ್ಟು ಬಿಚ್ಚಿದೆ. ಮಗಳ ಕೋನಮಾಪಕ, ನೂಲಿಗೆ ಕಟ್ಟಿದ ನಟ್ಟು, ಇಷ್ಟೇ ಸಲಕರಣೆ. ಟ್ರಾನ್ಸ್‌ಫರ್ ಕೇಸಿನ ಫ್ಲಾಂಜ್ ನೂಲಿಗಿಂತ 4 ಡಿಗ್ರಿ ಓರೆ, ಹಿಂದಿನ ಪಿನಿಯನ್ನಿನದ್ದು ಅದೇ ಕಡೆಗೆ 7 ಡಿಗ್ರಿ. ಶ್ಯಾಕಲ್ ಉದ್ದವಾದ್ದರಿಂದ ಪಿನಿಯನ್ನಿನ ಮೂಗು ಮೇಲೆದ್ದಿತ್ತು. ತಪ್ಪು ಕ್ರಾಸಿನದ್ದಲ್ಲ, ನನ್ನದೇ!

ಲೇತ್‌ನಲ್ಲಿ 4 ಡಿಗ್ರಿಯ ಉಕ್ಕಿನ ಬೆಣೆ ಮಾಡಿಸಿದೆ. 10 ಸೆಂಟಿಮೀಟರ್ ಉದ್ದದ ಬೆಣೆಗೆ ಒಂದು ತುದಿ 7 ಮಿಲಿಮೀಟರ್ ಹೆಚ್ಚು ದಪ್ಪ. ಪಿನಿಯನ್ 3 ಡಿಗ್ರಿಗೆ ಇಳಿಯಿತು. ಎಳೆಯುವಾಗ ಮೂಗು ತುಸು ಮೇಲೇಳುವುದರಿಂದ 1 ಡಿಗ್ರಿ ಕಡಿಮೆ ಇಟ್ಟದ್ದು. ಪ್ಲೇಟು ಹೌಸಿಂಗಿನ ಮೇಲಿದೆಯೋ ಕೆಳಗಿದೆಯೋ ನೋಡಿ ಬೆಣೆಯ ದಪ್ಪ ತುದಿ ಯಾವ ಕಡೆಗೆಂದು ತೀರ್ಮಾನಿಸಿ. ಸೆಂಟರ್ ಬೋಲ್ಟು ಉದ್ದದ್ದು ಬೇಕು. ಸ್ವಲ್ಪ ದಿನ ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

ನಡುಕವನ್ನು ಸಹಿಸಿಕೊಂಡು ಓಡಿಸಬಾರದು, ಏಕೆ ಗೊತ್ತೇ? ನಮ್ಮ ಹಳೆ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್ಮನ್ನು. ಶಾಫ್ಟು ತುಂಡಾದರೆ ಹ್ಯಾಂಡ್‌ಬ್ರೇಕೂ ಹೋದ ಹಾಗೆಯೇ. ಇಳಿಜಾರಿನಲ್ಲಿ ನಿಲ್ಲಿಸಿದ ಜೀಪಿನ ಕೆಳಗೆ ನಮ್ಮ ಮನೆ, ಅಂಗಳದಲ್ಲಿ ಮಕ್ಕಳು. ಶಾಫ್ಟು ಬಿಚ್ಚುವ ಮೊದಲೂ ಅಷ್ಟೇ, ನಾಲ್ಕು ಚಕ್ರಕ್ಕೂ ಕಲ್ಲು ಕೊಡಲು ಮರೆಯಬೇಡಿ.